ಕೂತು ಬಾರಿಸುವ ಹಕ್ಕು

ಏಪ್ರಿಲ್ ೧೪ರ ಮೆರವಣಿಗೆ ಕೇರಿಯಿಂದ ಹೊರಡುತ್ತದೆ. ಮುಂದೆ ತಮಟೆ, ಹಿಂದೆ ಡೊಳ್ಳು, ನಡುವೆ ಬಾಬಾಸಾಹೇಬರ ಭಾವಚಿತ್ರ. ಒಣಹುಲ್ಲಿನ ಬೆಂಕಿಗೆ ಚರ್ಮ ಕಾಯಿಸಿ ಹದ ನೋಡಿದವರು ಹೆಗಲಿಗೆ ಪಟ್ಟಿ ಏರಿಸಿ ನಿಲ್ಲುತ್ತಾರೆ. ಮೊದಲ ಪೆಟ್ಟಿಗೆ ಕೇರಿಯ ಮಕ್ಕಳೆಲ್ಲ ಎದ್ದು ಓಡುತ್ತವೆ. ಎದ್ದು ಓಡಲಾಗದ ಮಗು ಜಗಲಿ ಮೇಲೇ ಉಳಿಯುತ್ತದೆ. ಅದರ ಸೊಂಟದ ಕೀಲು ಹಿಡಿದುಕೊಂಡಿದೆ, ಮಂಡಿ ಮಡಿಚಿದರೆ ನೋವು. ಕೈ ಮಾತ್ರ ಸುಮ್ಮನಿಲ್ಲ. ಜಗಲಿಯ ಅಂಚನ್ನೋ ತಗಡಿನ ಡಬ್ಬವನ್ನೋ ಅದೇ ಗತ್ತಿಗೆ ತಟ್ಟುತ್ತಾ ಇರುತ್ತದೆ. ಮೆರವಣಿಗೆ ತಿರುವು ದಾಟುತ್ತದೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಎಷ್ಟೋ ಕೇರಿಗಳಲ್ಲಿ ನಡೆಯಬಹುದಾದ ಚಿತ್ರ ಇದು. ಆ ಮೆರವಣಿಗೆ ನಮ್ಮದೇ. ಘೋಷಣೆ ಬರೆದವರು ನಾವು, ಹಾಡು ಕಟ್ಟಿದವರು ನಾವು. ಜಗಲಿ ಮೇಲೆ ಉಳಿದ ಮಗುವನ್ನು ತಿರುಗಿ ನೋಡದೆ ಹೋದವರೂ ನಾವೇ. ಅದಕ್ಕೇ ಈ ಬರಹ.

ವಿಷಯ ಇಷ್ಟು: ಅಂಗವಿಕಲ ಮಕ್ಕಳು ನುಡಿಸಬಲ್ಲ ಡಿಜಿಟಲ್ ವಾದ್ಯಗಳನ್ನು ರೂಪಿಸುವ ಕೆಲಸ ಜಗತ್ತಿನ ಬೇರೆ ಬೇರೆ ಕಡೆ ದಶಕಗಳಿಂದ ನಡೆದಿದೆ. ಬೆರಳು ಆಡದವರಿಗೆ, ನಿಲ್ಲಲಾಗದವರಿಗೆ, ಕಣ್ಣು ಮಾತ್ರ ಚಲಿಸುವವರಿಗೆ ಕೂಡ ಸಂಗೀತ ಸಿಗುವ ಹಾಗೆ ಯಂತ್ರಗಳನ್ನು ಮಾಡಿದ್ದಾರೆ. ಇವನ್ನು ನಾವು ವಿಮರ್ಶೆ ಮಾಡಬೇಕು. ಕತೆ, ಕವಿತೆಗಳನ್ನು ಮಾತ್ರ ವಿಮರ್ಶೆ ಮಾಡಬೇಕು ಅಂತ ಯಾರು ಹೇಳಿದರು? ವಾದ್ಯವೂ ಒಂದು ಕೃತಿ. ಅದನ್ನು ಯಾರಿಗಾಗಿ ಮಾಡಿದರು, ಯಾರ ಮೈಯನ್ನು ಅಳತೆಗೆ ಇಟ್ಟುಕೊಂಡರು, ಯಾರ ಸದ್ದನ್ನು ಒಳಗೆ ಬಿಟ್ಟುಕೊಂಡರು ಅನ್ನುವುದರಲ್ಲಿ ಒಂದು ಲೋಕದೃಷ್ಟಿ ಇದೆ.

‘ಹೊಟ್ಟೆಗೇ ಇಲ್ಲದವರಿಗೆ ಎಲೆಕ್ಟ್ರಾನಿಕ್ ವಾದ್ಯ ಯಾಕೆ ಸ್ವಾಮಿ, ಮೊದಲು ಔಷಧಿ ಕೊಡಿಸಿ’ ಅನ್ನುವ ಗೆಳೆಯರು ನಮ್ಮೊಳಗೇ ಇದ್ದಾರೆ. ಈ ಮಾತಿನ ವರಸೆ ನಮಗೆ ಹಳೆಯ ಪರಿಚಯ. ಹೊಲೆಮಾದಿಗರಿಗೆ ಅಕ್ಷರ ಯಾಕೆ ಅಂದಿದ್ದರು, ಅಕ್ಷರ ಬಂದ ಮೇಲೆ ಕಾವ್ಯ ಯಾಕೆ ಅಂದರು. ಔಷಧಿ ಬೇಕು, ಪಿಂಚಣಿ ಬೇಕು, ಭೂಮಿ ಬೇಕು. ಅವು ಬರುವವರೆಗೆ ಮಗು ಬಾಲ್ಯವನ್ನು ತಡೆದು ನಿಲ್ಲಿಸಿಕೊಂಡು ಕೂರಬೇಕೆ?

*

ಸಾಗರ ತಾಲೂಕಿನಲ್ಲಿ ಎರಡು ಊರುಗಳ ಹೆಸರು ದೂರದವರೆಗೆ ಹೋಗಿದೆ. ಒಂದು ಹೆಗ್ಗೋಡು. ೧೯೪೯ರಲ್ಲಿ ಹುಟ್ಟಿದ ನೀನಾಸಂನಿಂದಾಗಿ ಅದು ಕಲೆಯ ಊರು. ಇನ್ನೊಂದು ಹಂದಿಗೋಡು. ಅದರ ಹೆಸರು ಒಂದು ಕಾಯಿಲೆಗೆ ಅಂಟಿಕೊಂಡಿದೆ.

೧೯೭೪-೭೫ರ ಹೊತ್ತಿಗೆ ಹಂದಿಗೋಡಿನ ದಲಿತ ಕೇರಿಯಲ್ಲಿ ಜನ ಸೊಂಟ ಹಿಡಿದುಕೊಂಡು ಬಾಗತೊಡಗಿದ್ದು ಹೊರಗಿನವರ ಕಣ್ಣಿಗೆ ಬಿತ್ತು. ಸೊಂಟ, ಮಂಡಿ, ಬೆನ್ನುಮೂಳೆಯ ಕೀಲುಗಳು ಸವೆಯುವುದು, ನಡಿಗೆ ಸೊಟ್ಟಗಾಗುವುದು, ಕೊನೆಗೆ ತೆವಳುವುದು. ಕೆಲವರಲ್ಲಿ ಚಿಕ್ಕಂದಿನಿಂದಲೇ ಬೆಳವಣಿಗೆ ನಿಂತು ಮೈ ಗಿಡ್ಡವಾಗುವುದು. ತುತ್ತಾದವರು ಚನ್ನಂಗಿ ಮತ್ತು ಚಲವಾದಿ ಸಮುದಾಯದವರು. ಆಮೇಲೆ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಬೇರೆ ಊರುಗಳಲ್ಲೂ ಇದು ಇರುವುದು ತಿಳಿಯಿತು.

ಮೊದಲು ಏನಂದರು? ಗದ್ದೆಯ ಏಡಿ, ಮೀನು ತಿಂದದ್ದಕ್ಕೆ ಅಂದರು. ಭತ್ತದ ಗದ್ದೆಗೆ ಹೊಡೆದ ಕೀಟನಾಶಕ ಏಡಿಯ ಮೂಲಕ ಬಡವನ ಹೊಟ್ಟೆಗೆ ಇಳಿಯಿತು ಅನ್ನುವ ಸಂಶಯ ಅದು. ಗದ್ದೆಗೆ ವಿಷ ಹಾಕಿಸಿದವನು ಒಬ್ಬ, ಗದ್ದೆಯ ಏಡಿಯೇ ಪಲ್ಯ ಅಂತ ಬದುಕಿದವನು ಇನ್ನೊಬ್ಬ. ಆದ್ದರಿಂದ ಆ ಸಂಶಯದಲ್ಲಿ ಒಂದು ಸಾಮಾಜಿಕ ಸತ್ಯ ಇತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಂಡಗಳು ಬಂದು, ರಕ್ತ ತೆಗೆದು, ಎಕ್ಸ್‌ರೇ ತೆಗೆದು, ವಂಶವೃಕ್ಷ ಬರೆದು, ಇದು ವಂಶವಾಹಿಯಿಂದ ಬರುವ ಮೂಳೆ-ಕೀಲಿನ ರೋಗ ಅಂತ ತೀರ್ಮಾನಕ್ಕೆ ಬಂದವು. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಜಾತಿಯ ಬೇಲಿ ದಾಟಿ ಮದುವೆ ಆಗಲು ಬಿಡದ ಸಮಾಜದಲ್ಲಿ ರೋಗವೂ ಬೇಲಿಯೊಳಗೇ ಉಳಿಯಿತು. ಜಾತಿ ಅಂದರೆ ಮನಸ್ಸಿನ ವಿಚಾರ ಮಾತ್ರ ಅಂತ ಭಾಷಣ ಮಾಡುವವರು ಈ ಕೇರಿಗೆ ಬಂದು ಮೂಳೆಯಲ್ಲಿ ಜಾತಿ ಹೇಗೆ ಕೂರುತ್ತದೆ ಅಂತ ನೋಡಬೇಕು.

ಇನ್ನೊಂದು ಮಾತು. ಇದೇ ಜಿಲ್ಲೆಯ ಭದ್ರಾವತಿಯಲ್ಲಿ ಇದೇ ವರ್ಷಗಳಲ್ಲಿ, ೧೯೭೦ರ ದಶಕದ ಮಧ್ಯದಲ್ಲಿ, ಪ್ರೊ. ಬಿ. ಕೃಷ್ಣಪ್ಪನವರು ಮತ್ತು ಸಂಗಾತಿಗಳು ದಲಿತ ಸಂಘರ್ಷ ಸಮಿತಿ ಕಟ್ಟುತ್ತಿದ್ದರು. ಒಂದು ಕಡೆ ದಲಿತ ನೆಟ್ಟಗೆ ನಿಲ್ಲಲು ಕಲಿಯುತ್ತಿದ್ದ. ಅಲ್ಲೇ ಹತ್ತಿರದ ತಾಲೂಕಿನಲ್ಲಿ ದಲಿತರ ಸೊಂಟ ಬಾಗುತ್ತಿತ್ತು. ಬಾಗಿದ ಬೆನ್ನು ಅನ್ನುವುದು ನಮ್ಮ ಕವಿತೆಗಳಲ್ಲಿ ಗುಲಾಮಗಿರಿಯ ರೂಪಕವಾಯಿತು. ಹಂದಿಗೋಡಿನಲ್ಲಿ ಅದು ರೂಪಕ ಅಲ್ಲ.

ಸಂಶೋಧಕರು ಬಂದಾಗ ಮಗುವಿನ ಎಲುಬು ಅಳೆದರು, ಎತ್ತರ ಅಳೆದರು. ಬೇಕಾದ ಕೆಲಸವೇ. ಆದರೆ ಆ ಕೈ ತಗಡಿನ ಡಬ್ಬದ ಮೇಲೆ ಯಾವ ಗತ್ತು ಹಿಡಿಯುತ್ತದೆ ಅಂತ ಬರೆದುಕೊಳ್ಳಲು ಯಾವ ನಮೂನೆಯಲ್ಲಿ ಕಾಲಂ ಇರುತ್ತದೆ?

*

ಈಗ ವಾದ್ಯಕ್ಕೆ ಬರೋಣ.

ನಮ್ಮ ನಾಡಿನ ವಾದ್ಯಗಳನ್ನು ಚರ್ಮವಾದ್ಯ, ತಂತಿವಾದ್ಯ, ಗಾಳಿವಾದ್ಯ ಅಂತ ಶಾಸ್ತ್ರ ಬಲ್ಲವರು ವಿಂಗಡಿಸುತ್ತಾರೆ. ನಾವು ಬೇರೆ ಥರ ವಿಂಗಡಿಸಿ ನೋಡೋಣ: ಕೂತು ನುಡಿಸುವ ವಾದ್ಯ, ನಿಂತು ನುಡಿಸುವ ವಾದ್ಯ. ವೀಣೆ ಕೂತು ನುಡಿಸುತ್ತಾರೆ. ಮೃದಂಗ, ತಬಲ, ತಂಬೂರಿ, ಹಾರ್ಮೋನಿಯಂ ಎಲ್ಲ ಕೂತೇ. ಯಕ್ಷಗಾನದ ರಂಗದ ಹಿಂದೆ ಭಾಗವತರು ಕೂತಿರುತ್ತಾರೆ, ಮದ್ದಳೆಯವರೂ ಕೂತಿರುತ್ತಾರೆ. ತಮಟೆ ಅನ್ನಿ, ಹಲಗೆ ಅನ್ನಿ, ಡೊಳ್ಳು ಅನ್ನಿ, ಇವು ನಿಂತು, ನಡೆದು, ಕುಣಿದು ಬಾರಿಸುವಂಥವು. ಎಲ್ಲಕ್ಕೂ ಈ ಗೆರೆ ಸರಿಹೊಂದುವುದಿಲ್ಲ, ಒಪ್ಪುತ್ತೇವೆ. ಆದರೆ ಬಹುಪಾಲು ಸರಿಹೊಂದುತ್ತದೆ. ಯಾಕೆ?

ತಮಟೆಯವನಿಗೆ ಕೂರಲು ಜಾಗ ಕೊಟ್ಟವರು ಯಾರು? ದೇವಸ್ಥಾನದ ಹೊರಗೆ ನಿಲ್ಲಬೇಕು, ತೇರಿನ ಮುಂದೆ ನಡೆಯಬೇಕು, ಹೆಣದ ಮುಂದೆ ನಡೆಯಬೇಕು. ಒಡೆಯನ ಅಂಗಳದಲ್ಲಿ ನಿಂತೇ ಬಾರಿಸಿ, ಕಾಳು ಕಾಸು ಸೆರಗಿಗೆ ಹಾಕಿಸಿಕೊಂಡು ಹೋಗಬೇಕು. ಕರ್ನಾಟಕದ ಎಷ್ಟೋ ಕಡೆ ಚಲವಾದಿ ಗಂಟೆಬಟ್ಟಲು ಹಿಡಿದು ಪರರ ಮೆರವಣಿಗೆಯ ಮುಂದೆ ನಡೆದೇ ನಡೆದ. ಕೂರುವುದು ಅಂದರೆ ಸಮಾನನಾಗುವುದು. ಬಾಲಕ ಅಂಬೇಡ್ಕರರು ಶಾಲೆಯಲ್ಲಿ ಕೂರಲು ಮನೆಯಿಂದಲೇ ಗೋಣಿತಾಟು ಹೊತ್ತುಕೊಂಡು ಹೋಗಬೇಕಿತ್ತು ಅನ್ನುವುದನ್ನು ನಮ್ಮ ಶಾಲಾ ಮೇಷ್ಟ್ರುಗಳು ಮಕ್ಕಳಿಗೆ ಹೇಳುತ್ತಾರೆ. ಕೂರುವ ಜಾಗವೇ ಜಾತಿಯ ಜಾಗ.

ನಿಂತು ಬಾರಿಸುವುದನ್ನು ನಮ್ಮವರು ಅವಮಾನದಿಂದ ಬಿಡಿಸಿ ಕಲೆ ಮಾಡಿದರು, ಕಲೆಯಿಂದ ಹೋರಾಟ ಮಾಡಿದರು. ಅದು ದೊಡ್ಡ ಸಾಧನೆ. ಆದರೆ ಆ ಕಲೆಯೊಳಗೆ ಒಂದು ಷರತ್ತು ಹಾಗೇ ಉಳಿದುಕೊಂಡಿದೆ: ನಿಲ್ಲಬಲ್ಲವನಿಗೆ ಮಾತ್ರ. ಒಡೆಯ ಹಾಕಿದ ಷರತ್ತನ್ನು ನಾವು ಗೊತ್ತಿಲ್ಲದೆ ಜಗಲಿಯ ಮಗುವಿನ ಮೇಲೂ ಹಾಕುತ್ತಿದ್ದೇವೆ. ಕೂರಲು ಬಿಡದ ಸಮಾಜದಲ್ಲಿ, ಕೂತೇ ಇರಬೇಕಾದ ಮಗುವಿಗೆ ವಾದ್ಯವೇ ಇಲ್ಲ. ಹಂದಿಗೋಡಿನ ಮಗುವಿಗೆ ಡಿಜಿಟಲ್ ವಾದ್ಯ ಅಂದರೆ ಈ ಕಾರಣಕ್ಕೆ ಕೂತು ಬಾರಿಸುವ ಹಕ್ಕಿನ ಪ್ರಶ್ನೆ.

*

ಕರ್ನಾಟಕದಲ್ಲಿ ಅಂಗವಿಕಲರ ಸಂಗೀತಕ್ಕೆ ಒಂದು ದೊಡ್ಡ ಪರಂಪರೆ ಇದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮ ಅದು. ಪಂಚಾಕ್ಷರಿ ಗವಾಯಿಗಳಿಗೂ (೧೮೯೨-೧೯೪೪) ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ (೧೯೧೪-೨೦೧೦) ಕಣ್ಣಿರಲಿಲ್ಲ. ಜೋಳಿಗೆ ಹಿಡಿದು ತಂದ ಕಾಳಿನಲ್ಲಿ ಬಡ ಮಕ್ಕಳಿಗೆ, ಅಂಧ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಆ ಮಕ್ಕಳು ಭಿಕ್ಷೆಗೆ ಕೈ ಚಾಚುವ ಬದಲು ಹಾರ್ಮೋನಿಯಂ ಮೇಲೆ ಕೈ ಇಟ್ಟರು. ಭಕ್ತಿಯ ಭಾಷೆ ನಮಗೆ ಒಪ್ಪಿಗೆಯಾಗಲಿ ಬಿಡಲಿ, ಈ ಕೆಲಸಕ್ಕೆ ಕೈ ಮುಗಿಯಬೇಕು.

ಹಾರ್ಮೋನಿಯಂ ಕತೆಯೂ ಇಲ್ಲಿ ಬೇಕು. ಅದು ಪರದೇಶಿ, ಗಮಕ ಬರೋದಿಲ್ಲ, ಶ್ರುತಿ ಕೆಡಿಸುತ್ತದೆ ಅಂತ ಆಕಾಶವಾಣಿ ೧೯೪೦ರಲ್ಲಿ ಅದನ್ನು ನಿಷೇಧಿಸಿತು. ೧೯೭೧ರ ಹೊತ್ತಿಗೆ ಆ ನಿಷೇಧ ಸಡಿಲವಾಯಿತು. ಆ ಮೂವತ್ತು ವರ್ಷವೂ ಗದುಗಿನ ಅಂಧ ಹುಡುಗರ ಬೆರಳಡಿ, ನಾಟಕ ಕಂಪನಿಗಳ ರಂಗದ ಬದಿಯಲ್ಲಿ ಹಾರ್ಮೋನಿಯಂ ಬದುಕಿತ್ತು. ಇವತ್ತು ಡಿಜಿಟಲ್ ವಾದ್ಯವನ್ನು ‘ಇದು ವಾದ್ಯವೇ ಅಲ್ಲ, ಆಟಿಕೆ’ ಅನ್ನುವವರಿಗೆ ಈ ಚರಿತ್ರೆ ನೆನಪಿಸಬೇಕು. ಯಾವುದು ವಾದ್ಯ ಅಂತ ತೀರ್ಪು ಕೊಡುವವರು ಯಾವಾಗಲೂ ಮೇಲೆ ಕೂತವರೇ.

ಆದರೆ ಒಂದು ವ್ಯತ್ಯಾಸ ಗಮನಿಸಿ. ಕಣ್ಣಿಲ್ಲದ ಮಗುವಿನ ಕೈಗೆ ಹಾರ್ಮೋನಿಯಂ ಹಾಗೇ ಒಗ್ಗುತ್ತದೆ. ವಾದ್ಯ ಬದಲಾಗಬೇಕಿಲ್ಲ. ಕೈಯೇ ಏಳದ, ಸೊಂಟವೇ ನಿಲ್ಲದ, ಬೆರಳು ಹಿಡಿತಕ್ಕೆ ಸಿಗದ ಮಗುವಿಗೆ ವಾದ್ಯವೇ ಬಗ್ಗಬೇಕು. ಇಲ್ಲಿಂದ ಎಲೆಕ್ಟ್ರಾನಿಕ್ಸ್ ಶುರುವಾಗುತ್ತದೆ.

*

ಹೊರಗೆ ಏನೇನು ಆಗಿದೆ? ಇಂಗ್ಲೆಂಡಿನಲ್ಲಿ ಸೌಂಡ್‌ಬೀಮ್ ಅನ್ನುವ ಯಂತ್ರ ಬಂತು. ಬಾವಲಿ ದಾರಿ ಹುಡುಕುವ ಹಾಗೆ ಅದು ಕಿವಿಗೆ ಕೇಳದ ಸದ್ದಿನ ಅಲೆ ಬಿಡುತ್ತದೆ. ಎದುರಿನ ಕೈಯೋ ತಲೆಯೋ ಅಲುಗಿದರೆ ಅಲೆ ತಿರುಗಿ ಬರುವ ಹೊತ್ತು ಬದಲಾಗುತ್ತದೆ, ಆ ದೂರ ಸ್ವರವಾಗುತ್ತದೆ. ಮುಟ್ಟಬೇಕಿಲ್ಲ, ಒತ್ತಬೇಕಿಲ್ಲ. ಒಳ್ಳೆಯ ಯಂತ್ರ. ಬೆಲೆ ಮಾತ್ರ ಸಾವಿರಾರು ಪೌಂಡಿನ ಮಾತು.

ಅಮೆರಿಕದಲ್ಲಿ ಪಾಲಿನ್ ಒಲಿವೆರೋಸ್ (೧೯೩೨-೨೦೧೬) ಅನ್ನುವ ಸಂಗೀತ ರಚನಕಾರ್ತಿ ೨೦೦೭ರಲ್ಲಿ, ಅಂಗವಿಕಲ ಮಕ್ಕಳಿಗೆ ಡ್ರಮ್ ಕಲಿಸುತ್ತಿದ್ದ ಲೀಫ್ ಮಿಲ್ಲರ್ ಜೊತೆ ಸೇರಿ ಔಮಿ ಅನ್ನುವ ತಂತ್ರಾಂಶ ಶುರು ಮಾಡಿದರು. ಕಂಪ್ಯೂಟರಿನ ಕ್ಯಾಮೆರಾ ಮಗುವಿನ ಮೂಗಿನ ತುದಿಯನ್ನೋ ಬೆರಳನ್ನೋ ಗುರುತು ಹಿಡಿದು, ಅದು ಅಲುಗಿದ ಹಾಗೆ ಸದ್ದು ಮಾಡುತ್ತದೆ. ಇದು ಉಚಿತ. ಡ್ರಮ್ ಕಲಿಸುವವರ ಗುಂಪಿನಲ್ಲಿ ಹುಟ್ಟಿದ್ದರಿಂದ ಇದಕ್ಕೆ ಒಟ್ಟಿಗೆ ಬಾರಿಸುವ ಗುಣ ಇದೆ. ನಮಗೆ ಹತ್ತಿರವಾದದ್ದು ಇದೇ.

ನಮ್ಮಲ್ಲಿ ಎಂಜಿನಿಯರುಗಳಿಲ್ಲವೆ? ಇದ್ದಾರೆ. ೧೯೭೦ರ ದಶಕದ ಕೊನೆಗೇ ಬೆಂಗಳೂರಿನಲ್ಲಿ ಕೊಳಲು ವಾದಕರೂ ಎಂಜಿನಿಯರೂ ಆದ ಜಿ. ರಾಜ್ ನಾರಾಯಣ್ ಅವರು ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು, ಮುಂದೆ ತಾಳದ ಪೆಟ್ಟಿಗೆ ಬಂತು, ಡಿಜಿಟಲ್ ವೀಣೆಯೂ ಬಂತು. ಸಭಾ ಕಛೇರಿಯ ಸಂಗೀತಗಾರರಿಗೆ ಬೇಕು ಅಂದಾಗ ವಾದ್ಯ ಆಯಿತು. ಇದು ಮತ್ಸರದ ಮಾತಲ್ಲ. ಬೇಡಿಕೆ ಯಾರದ್ದು ಅನ್ನುವುದರ ಮೇಲೆ ತಂತ್ರಜ್ಞಾನ ಹುಟ್ಟುತ್ತದೆ ಅನ್ನುವುದಕ್ಕೆ ಸಾಕ್ಷಿ. ಕೇರಿಯ ಮಗುವಿನ ಬೇಡಿಕೆ ಯಾರ ಮೇಜಿಗೂ ಹೋಗಲಿಲ್ಲ. ಹೋಗದಿರುವುದಕ್ಕೆ ನಾವೂ ಕಾರಣ.

ಈ ಯಂತ್ರಗಳ ಬಗ್ಗೆ ನಮ್ಮ ತಕರಾರು ಎರಡು.

ಮೊದಲನೆಯದು, ಒಳಗಿರುವ ಸದ್ದುಗಳದ್ದು. ಎಲೆಕ್ಟ್ರಾನಿಕ್ ವಾದ್ಯಗಳು ತಮ್ಮ ತಮ್ಮಲ್ಲಿ ಮಾತಾಡಲು ೧೯೮೩ರಲ್ಲಿ ಮಿಡಿ ಅನ್ನುವ ಭಾಷೆ ಬಂತು. ಯಾವ ಕೀಲಿ ಒತ್ತಿದೆ, ಎಷ್ಟು ಜೋರಾಗಿ ಒತ್ತಿದೆ, ಯಾವಾಗ ಬಿಟ್ಟೆ ಅನ್ನುವುದೇ ಅದರ ವ್ಯಾಕರಣ. ಅಂದರೆ ಪಿಯಾನೊ ಬಾರಿಸುವವನ ವ್ಯಾಕರಣ. ೧೯೯೧ರಲ್ಲಿ ಎಲ್ಲ ಯಂತ್ರಗಳಿಗೂ ಒಂದೇ ಇರಲಿ ಅಂತ ೧೨೮ ಸದ್ದುಗಳ ಪಟ್ಟಿ ಮಾಡಿದರು. ಅದರಲ್ಲಿ ಭಾರತದ್ದು ಅಂತ ಸಿತಾರ್ ಇದೆ, ಶಹನಾಯಿ ಇದೆ. ಜಪಾನಿನ ತೈಕೊ ನಗಾರಿ ಇದೆ. ತಾಳವಾದ್ಯಕ್ಕೆ ಅಂತಲೇ ಮಾಡಿದ ಬೇರೆ ಪಟ್ಟಿಯಲ್ಲಿ ಬಾಂಗೊ, ಕೊಂಗ ಇವೆ. ತಬಲ ಇಲ್ಲ, ಮೃದಂಗ ಇಲ್ಲ. ಇನ್ನು ತಮಟೆ, ಡೊಳ್ಳಿನ ಮಾತೆಲ್ಲಿ? ಪಟ್ಟಿಯ ಕೊನೆಗೆ ಟೆಲಿಫೋನ್ ಗಂಟೆ, ಹೆಲಿಕಾಪ್ಟರ್, ಚಪ್ಪಾಳೆ, ಬಂದೂಕಿನ ಗುಂಡು! ಬಂದೂಕಿಗೆ ಸಿಕ್ಕ ಜಾಗ ತಮಟೆಗೆ ಸಿಗಲಿಲ್ಲ. ಇವತ್ತು ಯಾವ ಸದ್ದನ್ನು ಬೇಕಾದರೂ ಮೊಬೈಲಿನಲ್ಲಿ ಹಿಡಿದು ಯಂತ್ರಕ್ಕೆ ತುಂಬಬಹುದು, ಪಟ್ಟಿಯ ಕಟ್ಟುಪಾಡು ಇಲ್ಲ. ಹಾಗಿದ್ದ ಮೇಲೆ ಮಗುವಿನ ಕೈಗೆ ಕೊಡುವಾಗ ಪಿಯಾನೊ, ಗಿಟಾರೇ ಮೊದಲು ಬರೋದು ಯಾಕೆ? ಅದು ತಂತ್ರದ ಮಿತಿ ಅಲ್ಲ, ಅಭ್ಯಾಸದ ರಾಜಕೀಯ.

ಎರಡನೆಯದು ಇನ್ನೂ ಆಳದ್ದು. ಅಂಗವಿಕಲ ಮಕ್ಕಳಿಗೆ ಮಾಡಿದ ಎಷ್ಟೋ ವಾದ್ಯಗಳಲ್ಲಿ ತಪ್ಪು ಬಾರಿಸಲು ಆಗುವುದೇ ಇಲ್ಲ. ಎಲ್ಲಿ ಮುಟ್ಟಿದರೂ ಇಂಪಾದ ಐದು ಸ್ವರಗಳಲ್ಲಿ ಒಂದು ಬರುವ ಹಾಗೆ ಕಟ್ಟಿರುತ್ತಾರೆ. ಮಗುವಿಗೆ ಬೇಸರ ಆಗದಿರಲಿ ಅನ್ನುವ ಪ್ರೀತಿ ಅದರ ಹಿಂದೆ ಇದೆ. ಮೊದಲ ದಿನಕ್ಕೆ ಅದು ಸರಿ. ಹತ್ತನೇ ದಿನಕ್ಕೆ? ವರ್ಷ ಆದ ಮೇಲೆ? ತಪ್ಪು ಮಾಡಲಾಗದವನು ಕಲಿಯಲಾರ. ತಮಟೆ ಕಲಿಯುವ ಹುಡುಗ ಗತ್ತು ತಪ್ಪಿಸಿ ದೊಡ್ಡವರ ಕೈಲಿ ಬೈಸಿಕೊಂಡು, ನಕ್ಕಿಸಿಕೊಂಡು ಕಲಿತಿದ್ದಾನೆ. ಬೈಸಿಕೊಳ್ಳುವುದೂ ಬಳಗಕ್ಕೆ ಸೇರುವ ಒಂದು ರೀತಿ. ಅಂಗವಿಕಲ ಮಗುವನ್ನು ಮಾತ್ರ ಯಾರೂ ಬೈಯುವುದಿಲ್ಲ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆ ಚಪ್ಪಾಳೆ ನಮಗೆ ಗೊತ್ತು. ದಲಿತ ಹುಡುಗ ನಾಲ್ಕು ಸಾಲು ಬರೆದಾಗ ‘ಪರವಾಗಿಲ್ಲವೇ, ಇವರೂ ಬರೀತಾರೆ’ ಅಂತ ತಟ್ಟಿದ ಚಪ್ಪಾಳೆ ಅದೇ. ಕರುಣೆಯ ವಿಮರ್ಶೆ ನಮಗೆ ಬೇಡ ಅಂದವರು ನಾವು. ಈ ಮಕ್ಕಳಿಗೂ ಬೇಡ.

*

ಹಾಗಾದರೆ ನಮ್ಮ ಸೀಮೆಗೆ ಎಂಥ ವಾದ್ಯ ಬೇಕು? ಎಂಜಿನಿಯರಿಂಗ್ ಓದುವ ನಮ್ಮ ವಿದ್ಯಾರ್ಥಿ ಸಂಗಾತಿಗಳಿಗೆ, ಹಳ್ಳಿ ಮೇಷ್ಟ್ರುಗಳಿಗೆ ಇದನ್ನು ಬಿಡಿಸಿ ಹೇಳುತ್ತೇವೆ.

ಅಲಾರಂ ಗಡಿಯಾರದಲ್ಲಿ, ಕಿರ್ ಅನ್ನುವ ಆಟಿಕೆಗಳಲ್ಲಿ ಒಂದು ತೆಳು ಹಿತ್ತಾಳೆ ಬಿಲ್ಲೆ ಇರುತ್ತದೆ. ಪೀಜೋ ಬಿಲ್ಲೆ ಅಂತಾರೆ. ಅದಕ್ಕೆ ಕರೆಂಟು ಕೊಟ್ಟರೆ ಸದ್ದು ಮಾಡುತ್ತದೆ. ತಿರುಗಾ, ಅದನ್ನು ತಟ್ಟಿದರೆ ಸಣ್ಣ ಕರೆಂಟು ಕೊಡುತ್ತದೆ. ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿಯ ಸಾಮಾನು. ರಬ್ಬರ್ ಹಾಳೆಯ ಅಡಿಗೋ ಹಳೆಯ ಚರ್ಮದ ಅಡಿಗೋ ಇದನ್ನು ಅಂಟಿಸಿ, ಸಣ್ಣ ಸರ್ಕ್ಯೂಟ್ ಬೋರ್ಡಿನ ಮೂಲಕ ಕಂಪ್ಯೂಟರಿಗೋ ಮೊಬೈಲಿಗೋ ಜೋಡಿಸಿದರೆ, ಪೆಟ್ಟು ಬಿದ್ದ ಕೂಡಲೇ ಹಿಡಿದಿಟ್ಟ ತಮಟೆಯ ಸದ್ದು ಬರುತ್ತದೆ. ಇಲ್ಲಿ ದೊಡ್ಡ ಬದಲಾವಣೆ ಏನೆಂದರೆ, ತೋಳಿನ ಬಲಕ್ಕೂ ಸದ್ದಿನ ಬಲಕ್ಕೂ ಇದ್ದ ಗಂಟು ಬಿಚ್ಚಿಹೋಗುತ್ತದೆ. ಬೆರಳಲ್ಲಿ ಮೆಲ್ಲಗೆ ತಟ್ಟಿದರೂ ಬೀದಿ ತುಂಬುವ ಸದ್ದು ಬರುವ ಹಾಗೆ ಹದ ಮಾಡಬಹುದು. ಬಿಲ್ಲೆಯನ್ನು ಮಡಿಲಲ್ಲಿ ಇಡಬಹುದು, ಹಾಸಿಗೆಯ ಪಕ್ಕ ಇಡಬಹುದು, ಗಲ್ಲದ ಕೆಳಗೆ, ಪಾದದ ಕೆಳಗೆ ಇಡಬಹುದು.

ಆದರೆ ಒಂದು ಬಿಲ್ಲೆ ಒಂದು ಸದ್ದು ಅಂದರೆ ಅದು ತಮಟೆ ಆಗುವುದಿಲ್ಲ. ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ಬಳುಕುವ ಸಣ್ಣ ಕಡ್ಡಿ. ನಡುವಿನ ಪೆಟ್ಟು ಬೇರೆ, ಅಂಚಿನ ಪೆಟ್ಟು ಬೇರೆ, ಬೆರಳೊತ್ತಿ ಸದ್ದು ಹಿಡಿಯುವುದು ಬೇರೆ. ಇವಿಷ್ಟನ್ನೂ ಬೇರೆ ಬೇರೆ ಹಿಡಿದಿಟ್ಟು ಬೇರೆ ಬೇರೆ ಜಾಗಕ್ಕೆ ಕೊಡಬೇಕು. ಯಾವ ಪೆಟ್ಟು ಯಾವುದು ಅಂತ ಲ್ಯಾಬಿನಲ್ಲಿ ಕೂತವರು ಹೇಳಲಾರರು. ತಮಟೆಯವರನ್ನು ಕರೆದು ಕೂರಿಸಬೇಕು. ಹೌದು, ಕೂರಿಸಬೇಕು, ಕೆಲಸಕ್ಕೆ ಸಂಬಳ ಕೊಡಬೇಕು, ಸದ್ದಿನ ಜೊತೆ ಅವರ ಹೆಸರು ಇರಬೇಕು.

ಪೆಟ್ಟಿಗೂ ಸದ್ದಿಗೂ ನಡುವೆ ಸೆಕೆಂಡಿನ ನೂರರಲ್ಲಿ ಒಂದೆರಡು ಪಾಲಿಗಿಂತ ಹೆಚ್ಚು ತಡ ಆದರೆ ಬಾರಿಸುವವರ ಕೈಗೆ ಅದು ಗೊತ್ತಾಗುತ್ತದೆ. ತಂತಿಯಿಲ್ಲದ ಬ್ಲೂಟೂತ್ ಸ್ಪೀಕರಿನಲ್ಲಿ ಅದರ ಹತ್ತು ಪಟ್ಟು ತಡ ಮಾಮೂಲು. ಹತ್ತು ತಮಟೆಗಳ ನಡುವೆ ಅಂಥ ವಾದ್ಯ ಹಿಡಿದ ಮಗು ಯಾವಾಗಲೂ ಹಿಂದೆ ಬೀಳುತ್ತದೆ. ಆಗ ಎಲ್ಲರೂ ‘ಪಾಪ, ಅದಕ್ಕೆ ಗತ್ತು ಬರೋದಿಲ್ಲ’ ಅನ್ನುತ್ತಾರೆ. ತಪ್ಪು ಯಂತ್ರದ್ದು, ಹೆಸರು ಮಗುವಿಗೆ. ಆದ್ದರಿಂದ ತಂತಿಯ ಸ್ಪೀಕರೇ ಸರಿ, ಅದೂ ಬಯಲಲ್ಲಿ ಕೇಳುವಂಥದ್ದು. ಮೊಬೈಲಿನ ಪುಟ್ಟ ಸ್ಪೀಕರು ತಮಟೆಯ ಮುಂದೆ ಸೊಳ್ಳೆ.

ಮಳೆಯನ್ನು ಮರೆಯಬೇಡಿ. ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುತ್ತದೆ. ಇಲ್ಲಿ ಚರ್ಮ ಸಡಿಲವಾಗುತ್ತದೆ, ತಂತಿಗೆ ಕಿಲುಬು ಹಿಡಿಯುತ್ತದೆ, ಕರೆಂಟು ಹೋಗುತ್ತದೆ. ೧೯೬೪ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದು ಸಾಗರ, ಹೊಸನಗರದ ಊರುಗಳು ಮುಳುಗಿದ್ದು ನಾಡಿಗೆ ಬೆಳಕು ಕೊಡಲು. ಆ ಸೀಮೆಯ ಮಗುವಿನ ವಾದ್ಯ ಮಾತ್ರ ಬ್ಯಾಟರಿಯ ಮೇಲೆ ನಡೆಯುವಂತಿರಬೇಕು. ಕೆಟ್ಟರೆ ಊರಿನ ರೇಡಿಯೋ ರಿಪೇರಿಯವನು ಬಿಚ್ಚಿ ಸರಿ ಮಾಡುವಂತಿರಬೇಕು. ಕೆಟ್ಟ ಯಂತ್ರ ಹೊತ್ತುಕೊಂಡು ಬೆಂಗಳೂರಿಗೆ ಹೋಗಲು ಯಾರಿಗಿದೆ ಬಸ್ ಚಾರ್ಜು?

ಕೀಲುನೋವಿನ ಮೈಗೆ ದಿನ ದಿನಕ್ಕೂ ಬೇರೆ ಅಳತೆ. ಇವತ್ತು ಎತ್ತಿದ ಕೈ ನಾಳೆ ಏಳದಿರಬಹುದು. ಆದ್ದರಿಂದ ವಾದ್ಯವನ್ನು ಒಮ್ಮೆ ಹೊಲಿದು ಕೊಟ್ಟ ಅಂಗಿಯ ಹಾಗೆ ಮಾಡಬಾರದು, ಸೀರೆಯ ಹಾಗೆ ಮಾಡಬೇಕು. ಉಟ್ಟವರು ಉಟ್ಟ ಹಾಗೆ ಒಗ್ಗಬೇಕು.

ಈ ಎಲ್ಲಕ್ಕಿಂತ ಮುಖ್ಯ, ಇದು ಒಬ್ಬಂಟಿ ವಾದ್ಯ ಆಗಬಾರದು. ಕಿವಿಗೆ ಹೆಡ್‌ಫೋನ್ ಹಾಕಿ ಮೂಲೆಯಲ್ಲಿ ಕೂರಿಸಿದರೆ ಮಗು ಇನ್ನೂ ಒಂದು ಜಗಲಿಗೆ ಹೋದ ಹಾಗೆ. ನಮ್ಮ ವಾದ್ಯಗಳು ಮ್ಯಾಳದ ವಾದ್ಯಗಳು. ಮಗುವಿನ ಪೆಟ್ಟಿಗೆ ಮ್ಯಾಳ ತಿರುಗಬೇಕು; ಅದು ಗತ್ತು ಬದಲಿಸಿದರೆ ಉಳಿದವರು ಬದಲಿಸಬೇಕು. ನಮ್ಮಲ್ಲಿ ಹೆಳವರು ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಊರೂರು ತಿರುಗಿ ಮನೆಮನೆಯ ವಂಶಾವಳಿ ಹೇಳಿದವರು. ತಮ್ಮ ಮೂಲಪುರುಷ ಕಾಲಿಲ್ಲದವನು ಅನ್ನುವುದು ಅವರ ಐತಿಹ್ಯ. ಕೂತವನು ಊರಿಗೆಲ್ಲ ಅದರ ಚರಿತ್ರೆ ಹೇಳಿದ! ಆ ಎತ್ತಿನ ಜಾಗಕ್ಕೆ ಇವತ್ತು ಮೂರು ಗಾಲಿಯ ಸೈಕಲ್ಲು ಬರಲಿ, ಗಂಟೆಯ ಜಾಗಕ್ಕೆ ಈ ವಾದ್ಯ ಬರಲಿ.

*

ಸರ್ಕಾರದ್ದು ಏನೂ ಇಲ್ಲವೆ? ಕಾಗದದ ಮೇಲೆ ಇದೆ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯ್ದೆ ೨೧ ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ, ಕುಬ್ಜತೆಯೂ ಅದರಲ್ಲಿದೆ. ಅದರ ೨೯ನೇ ಕಲಮು ಪೂರ್ತಿ ಸಂಸ್ಕೃತಿ ಮತ್ತು ಮನರಂಜನೆಗೆ ಸೇರಿದ್ದು. ಕಲೆಯ ಪಾಠಕ್ರಮಗಳನ್ನು ಅಂಗವಿಕಲರು ಭಾಗವಹಿಸುವ ಹಾಗೆ ಮರುರೂಪಿಸಬೇಕು, ಅದಕ್ಕೆ ಬೇಕಾದ ತಂತ್ರಜ್ಞಾನ, ಸಾಧನಗಳನ್ನು ಬೆಳೆಸಬೇಕು ಅಂತ ಸರ್ಕಾರಗಳಿಗೆ ಹೇಳುತ್ತದೆ. ಅಂದರೆ ಈ ವಾದ್ಯ ಭಿಕ್ಷೆ ಅಲ್ಲ, ಶಾಸನ. ೨೦೧೧ರ ಜನಗಣತಿಯಲ್ಲಿ ಕರ್ನಾಟಕದ ಅಂಗವಿಕಲರು ೧೩ ಲಕ್ಷಕ್ಕೂ ಮೇಲೆ. ತಾಲೂಕಿನ ಸಾಧನ ವಿತರಣಾ ಶಿಬಿರಕ್ಕೆ ಹೋದರೆ ಗಾಲಿಕುರ್ಚಿ, ಊರುಗೋಲು, ಶ್ರವಣಯಂತ್ರದ ಅರ್ಜಿ ಬರೆಸಿಕೊಳ್ಳುತ್ತಾರೆ. ವಾದ್ಯಕ್ಕೆ ಅರ್ಜಿ ಹಾಕಿದವರು ಯಾರು? ಮೇಷ್ಟ್ರುಗಳೇ, ಮೇಡಮ್ಮುಗಳೇ, ಮನೆಯಲ್ಲೇ ಉಳಿದ ಮಗುವಿಗೆ ಗೃಹಾಧಾರಿತ ಶಿಕ್ಷಣ ಅಂತ ಬ್ಲಾಕ್ ಸಂಪನ್ಮೂಲ ಕೇಂದ್ರದಿಂದ ಹೋಗುವವರು ನಿಮ್ಮೊಳಗೇ ಇದ್ದೀರಿ. ಮುಂದಿನ ಸಲ ಹೋದಾಗ ಆ ಮಗು ಯಾವ ಸದ್ದಿಗೆ ತಲೆ ಎತ್ತುತ್ತದೆ ನೋಡಿ ಬರೆದುಕೊಳ್ಳಿ. ೨೯ನೇ ಕಲಮು ಹೆಸರಿಸಿ ಒಂದು ಅರ್ಜಿ ಹಾಕಿ. ತಿರಸ್ಕರಿಸಿದರೆ ಆ ತಿರಸ್ಕಾರವೂ ಒಂದು ದಾಖಲೆ.

ಹೆಸರಿನ ವಿಚಾರ. ೨೦೧೫ರ ಕೊನೆಯಿಂದ ದಿಲ್ಲಿಯ ಸರ್ಕಾರ ಅಂಗವಿಕಲರನ್ನು ದಿವ್ಯಾಂಗರು ಅನ್ನತೊಡಗಿತು. ಈ ಆಟ ನಮಗೆ ಹೊಸದಲ್ಲ. ನಮ್ಮನ್ನು ಹರಿಜನರು ಅಂದಿದ್ದರು. ಹಕ್ಕು ಕೊಡಲು ಮನಸ್ಸಿಲ್ಲದಾಗ ದೇವರ ಹೆಸರು ಕೊಡುತ್ತಾರೆ. ನಾವು ದಲಿತ ಅನ್ನುವ ಪದವನ್ನು ನಾವೇ ಆರಿಸಿಕೊಂಡೆವು. ಅವರ ಹೆಸರನ್ನು ಅವರೇ ಆರಿಸಿಕೊಳ್ಳಲಿ.

ಆದರೆ ಬೇರೆಯವರ ಕಡೆ ಬೆರಳು ತೋರಿಸುವ ಮೊದಲು ನಮ್ಮ ಪದ್ಯಗಳನ್ನೇ ತೆಗೆದು ನೋಡೋಣ. ಕುರುಡು ಕಾನೂನು, ಕಿವುಡು ಸರ್ಕಾರ, ಹೆಳವ ನ್ಯಾಯ, ಕುಂಟು ನೆಪ ಅಂತ ಎಷ್ಟು ಸಲ ಬರೆದಿದ್ದೇವೆ! ಹೊಲೆಯ, ಮಾದಿಗ ಅನ್ನುವುದನ್ನು ಬೈಗುಳ ಮಾಡಿದವರ ಮೇಲೆ ದಂಗೆ ಎದ್ದವರು, ಇನ್ನೊಬ್ಬರ ಮೈಯನ್ನು ಬೈಗುಳ ಮಾಡಿಕೊಂಡೆವು. ಕಿವಿ ಕೇಳದವನು ಮಾತು ಕೇಳಿಸಿಕೊಳ್ಳಲು ಎಷ್ಟು ಕಷ್ಟಪಡುತ್ತಾನೆ! ಸರ್ಕಾರಕ್ಕೆ ಚೆನ್ನಾಗಿ ಕೇಳಿಸುತ್ತದೆ, ಕೇಳದ ಹಾಗೆ ಇರುತ್ತದೆ. ಹಾಗಾಗಿ ಆ ರೂಪಕ ಕ್ರೂರವಷ್ಟೇ ಅಲ್ಲ, ಸುಳ್ಳೂ ಹೌದು.

ಇನ್ನೊಂದು ಅಪಾಯವನ್ನೂ ಹೇಳಿಬಿಡಬೇಕು. ತಮಟೆ ಬಿಟ್ಟು ಬಿಡುತ್ತೇವೆ, ಇದು ನಮ್ಮ ಬಿಟ್ಟಿ ಚಾಕರಿಯ ಗುರುತು ಅಂತ ಪ್ರತಿಜ್ಞೆ ಮಾಡಿದ ಕೇರಿಗಳಿವೆ. ಅವರ ಮುಂದೆ ನಿಂತು ಮಕ್ಕಳಿಗೆ ಮತ್ತೆ ತಮಟೆ ಕೊಡಿ ಅನ್ನುವುದು ಸಲೀಸಲ್ಲ. ದಲಿತ ಮಗು, ಅದಕ್ಕೇ ತಮಟೆ ಅಂತ ತೀರ್ಮಾನಿಸಿದರೆ ನಾವೂ ಮನುವಿನ ಮೊಮ್ಮಕ್ಕಳೇ. ಮಗು ಪಿಟೀಲಿನ ಸದ್ದು ಬೇಕು ಅಂದರೆ ಪಿಟೀಲೇ ಕೊಡಬೇಕು. ನಾವು ಕೇಳುತ್ತಿರುವುದು ಇಷ್ಟೇ: ಆರಿಸಿಕೊಳ್ಳುವ ಪಟ್ಟಿಯಲ್ಲಿ ಅದರ ಕೇರಿಯ ಸದ್ದೂ ಇರಲಿ. ಇತ್ತ ಚರ್ಮದ ವಾಸನೆ ಇಲ್ಲದ ತಮಟೆ ಸಿಕ್ಕಿತು ಅಂತ ಖುಷಿಪಟ್ಟು, ಬಾರಿಸುವ ಜನರನ್ನು ಹೊರಗಿಟ್ಟು ಸದ್ದನ್ನು ಮಾತ್ರ ಒಳಗೆ ಕರೆಯುವವರೂ ಬರುತ್ತಾರೆ. ಅವರ ಮೇಲೂ ಕಣ್ಣಿರಬೇಕು.

ಆ ಮಗು ಹುಡುಗಿಯಾಗಿದ್ದರೆ? ನಮ್ಮ ತಮಟೆ ಮ್ಯಾಳಗಳಲ್ಲಿ ಬಹುಪಾಲು ಗಂಡಸರೇ. ನಿಲ್ಲಲಾಗದ ದಲಿತ ಹುಡುಗಿಗೆ ಮೂರು ಬಾಗಿಲು ಮುಚ್ಚಿವೆ. ಅದರಲ್ಲಿ ಒಂದಕ್ಕೆ ಅಗುಳಿ ಹಾಕಿದವರು ನಾವೇ. ವಾದ್ಯ ರೂಪಿಸುವವರು ಅಳತೆಗೆ ಮೊದಲು ಅವಳನ್ನೇ ತೆಗೆದುಕೊಳ್ಳಲಿ. ಅವಳ ಕೈಗೆ ಒಗ್ಗಿದ್ದು ಉಳಿದವರ ಕೈಗೂ ಒಗ್ಗುತ್ತದೆ.

ಮುಂದಿನ ಏಪ್ರಿಲ್‌ಗೆ ತಿಂಗಳುಗಳಿವೆ. ಒಂದು ಬಿಲ್ಲೆ, ಒಂದು ಹಳೆ ಮೊಬೈಲು, ಒಂದು ಬ್ಯಾಟರಿಯ ಸ್ಪೀಕರು, ತಮಟೆ ಬಲ್ಲ ಒಬ್ಬರು, ಎಲೆಕ್ಟ್ರಾನಿಕ್ಸ್ ಬಲ್ಲ ಒಬ್ಬ ವಿದ್ಯಾರ್ಥಿ ಇಷ್ಟು ಸಾಕು ಶುರು ಮಾಡಲು. ಮೊದಲ ವಾದ್ಯ ಕೆಟ್ಟದಾಗಿಯೇ ಇರುತ್ತದೆ. ಮಗು ಬೈದರೆ ಬೈಸಿಕೊಂಡು ಬಿಚ್ಚಿ ಮತ್ತೆ ಕಟ್ಟಬೇಕು. ಮೆರವಣಿಗೆ ಹೊರಡುವ ದಿನ ಬೆಂಕಿಗೆ ಚರ್ಮ ಕಾಯಿಸಿದವರು ಮೊದಲು ಆ ಜಗಲಿಯ ಮುಂದೆ ಹೋಗಿ ನಿಲ್ಲಲಿ. ಮೊದಲ ಪೆಟ್ಟು ಕೂತಲ್ಲಿಂದ ಬರಲಿ. ಮೆರವಣಿಗೆ ಎಷ್ಟು ವೇಗವಾಗಿ ನಡೆಯಬೇಕು ಅನ್ನುವುದನ್ನು ಮೂರು ಗಾಲಿಯ ಸೈಕಲ್ಲು ತೀರ್ಮಾನಿಸಲಿ. ಊರ ಸರ್ಕಲ್ಲಿಗೆ ಒಂದು ಗಂಟೆ ತಡವಾಗಿ ತಲುಪಿದರೆ ನಮಗೇನೂ ಆಗುವುದಿಲ್ಲ.